ವ್ಯಾನಿನ ಬ್ಲೋವರ್ 4ರಲ್ಲಿ ಮಾತ್ರ ಓಡ್ತಿದ್ಯಾ? ರೆಸಿಸ್ಟರ್ ಬದಲಿಸುವ ಮೊದಲು ಇಷ್ಟು ನೋಡಿ

ಬ್ಲೋವರಿನ, ಅಂದರೆ ಹೀಟರ್ ಫ್ಯಾನಿನ, ನಾಬ್ 1, 2, 3ರಲ್ಲಿದ್ದರೆ ಸದ್ದೇ ಇಲ್ಲ. 4ಕ್ಕೆ ತಿರುಗಿಸಿದ ಕೂಡಲೇ ಭರ್ರೆಂದು ಗಾಳಿ. ಹಳೇ ವ್ಯಾನ್ ಇಟ್ಟುಕೊಂಡವರಿಗೆ ಈ ಕಾಯಿಲೆ ಚೆನ್ನಾಗಿ ಗೊತ್ತು. ಗ್ಯಾರೇಜಿಗೆ ಹೋದರೆ ಒಂದೇ ಉತ್ತರ: "ರೆಸಿಸ್ಟರ್ ಹೋಗಿದೆ ಸಾರ್, ಹೊಸದು ಹಾಕೋಣ." ಹಾಕುತ್ತಾರೆ, ಸರಿಯಾಗುತ್ತದೆ, ಮುಂದಿನ ಮಳೆಗಾಲಕ್ಕೆ ಮತ್ತೆ ಅದೇ ಕಥೆ. ರೆಸಿಸ್ಟರ್ ಸುಟ್ಟಿರುವುದು ನಿಜ. ಆದರೆ ಅದು ಯಾಕೆ ಸುಟ್ಟಿತು ಅಂತ ಯಾರೂ ಕೇಳುವುದಿಲ್ಲ, ಅಲ್ವಾ?

ಬೆಂಗಳೂರಲ್ಲಿ ಹೀಟರ್ ಫ್ಯಾನ್ ಇಲ್ಲದಿದ್ದರೂ ನಡೆಯುತ್ತದೆ. ಮಡಿಕೇರಿ, ಆಗುಂಬೆ, ಚಾರ್ಮಾಡಿ ಕಡೆ ಜುಲೈನಲ್ಲಿ ಓಡಿಸುವವರಿಗೆ ನಡೆಯುವುದಿಲ್ಲ. ಏಳೆಂಟು ಜನ ಒದ್ದೆ ಬಟ್ಟೆಯಲ್ಲಿ ಕೂತಿರುವ ವ್ಯಾನಿನ ಮುಂದಿನ ಗಾಜು ಎರಡೇ ನಿಮಿಷದಲ್ಲಿ ಮಬ್ಬಾಗುತ್ತದೆ, 4ರಲ್ಲಿ ಇಟ್ಟರೆ ಆ ಗದ್ದಲಕ್ಕೆ ಪಕ್ಕದವರ ಮಾತು ಕೇಳಿಸುವುದಿಲ್ಲ, ಆರಿಸಿದರೆ ರಸ್ತೆ ಕಾಣಿಸುವುದಿಲ್ಲ. ಹಾಗಾಗಿ ಈ ಕೆಲಸವನ್ನು ನೆಟ್ಟಗೆ ಒಂದೇ ಸಲ ಮಾಡಿ ಮುಗಿಸುವುದು ಒಳ್ಳೆಯದು. ಮೊದಲು ದೋಷ ಹುಡುಕೋಣ, ಆಮೇಲೆ ಬೇಕಿದ್ದರೆ ಎಲೆಕ್ಟ್ರಾನಿಕ್ ಕಂಟ್ರೋಲ್‌ಗೆ ಬದಲಾಯಿಸೋಣ.

ಒಳಗೆ ಏನಿದೆ

12 ವೋಲ್ಟಿನ ಒಂದು ಬ್ರಶ್ ಮೋಟಾರ್. ಅದರ ಜೊತೆ ಸರಣಿಯಲ್ಲಿ ಎರಡು ಮೂರು ತಂತಿ ಸುರುಳಿಗಳು. ಇದೇ ರೆಸಿಸ್ಟರ್ ಪ್ಯಾಕ್. ನಾಬ್ 1ರಲ್ಲಿದ್ದರೆ ಕರೆಂಟ್ ಎಲ್ಲ ಸುರುಳಿಗಳ ಮೂಲಕ ಹೋಗುತ್ತದೆ, 2ರಲ್ಲಿ ಒಂದು ಕಡಿಮೆ, 3ರಲ್ಲಿ ಇನ್ನೂ ಕಡಿಮೆ. 4ರಲ್ಲಿ ಸುರುಳಿಯ ಹಂಗೇ ಇಲ್ಲ, ನೇರ ಮೋಟಾರಿಗೆ. ಅದಕ್ಕೇ ಪ್ಯಾಕ್ ಸತ್ತರೂ 4 ಮಾತ್ರ ಬದುಕಿರುತ್ತದೆ.

ನಿಧಾನ ವೇಗದಲ್ಲಿ ಮೋಟಾರಿಗೆ ಬೇಡವಾದ ವೋಲ್ಟೇಜನ್ನೆಲ್ಲ ಈ ಸುರುಳಿಗಳು ಬಿಸಿ ಮಾಡಿ ಕಳೆಯುತ್ತವೆ. ಲೆಕ್ಕಕ್ಕೆ ಹೇಳುವುದಾದರೆ, 4 ಆಂಪಿಯರ್ ಹರಿಯುವಾಗ ಸುರುಳಿಯ ಮೇಲೆ 8 ವೋಲ್ಟ್ ಬಿದ್ದರೆ 32 ವ್ಯಾಟ್ ಶಾಖ. ಸಣ್ಣ ಸೋಲ್ಡರಿಂಗ್ ಐರನ್ನಿನಷ್ಟು. ಈ ಶಾಖ ಹೋಗಲಿ ಅಂತಲೇ ಪ್ಯಾಕನ್ನು ಬ್ಲೋವರ್ ಗಾಳಿ ಹಾಯುವ ಪೆಟ್ಟಿಗೆಯೊಳಗೆ ಚಾಚಿ ಕೂರಿಸಿರುತ್ತಾರೆ. ಗಾಳಿ ಕಡಿಮೆಯಾದರೆ ಸುರುಳಿ ಕೆಂಪಗಾಗುತ್ತದೆ. ಆಗ ಪ್ಯಾಕಿನಲ್ಲೇ ಇರುವ ಪುಟ್ಟ ಥರ್ಮಲ್ ಫ್ಯೂಸ್ ಕಡಿದುಕೊಂಡು 1, 2, 3 ಒಟ್ಟಿಗೇ ಸಾಯುತ್ತವೆ.

ಲಕ್ಷಣ ನೋಡಿಯೇ ಅರ್ಧ ಗೊತ್ತಾಗುತ್ತದೆ

4 ಮಾತ್ರ ಓಡುತ್ತಿದ್ದರೆ ರೆಸಿಸ್ಟರ್ ಪ್ಯಾಕ್ ಅಥವಾ ಅದರ ಕನೆಕ್ಟರ್. ಮೋಟಾರ್ ಚೆನ್ನಾಗಿದೆ ಅಂತ ಇದರಿಂದ ತೀರ್ಮಾನಿಸಬೇಡಿ, ತಿರುಗುತ್ತಿದೆ ಅಂತಷ್ಟೇ ಗೊತ್ತಾಗಿದೆ. ಮಧ್ಯದ ಒಂದೇ ವೇಗ ಹೋಗಿ ಉಳಿದದ್ದೆಲ್ಲ ಸರಿ ಇದ್ದರೆ ನಾಬ್ ಹಿಂದಿನ ಸ್ವಿಚ್ಚಿನ ಆ ಒಂದು ಸಂಪರ್ಕವನ್ನು, ಅದರ ವೈರನ್ನು ನೋಡಿ. 4 ಮಾತ್ರ ಹೋಗಿದ್ದರೆ 4ಕ್ಕೆಂದೇ ಇರುವ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸ್ವಿಚ್) ಅಥವಾ ಸ್ವಿಚ್ಚಿನ ಕೊನೆಯ ಸಂಪರ್ಕ ಸುಟ್ಟಿರುತ್ತದೆ. ಜಾಸ್ತಿ ಕರೆಂಟ್ ಹರಿಯುವುದು ಅಲ್ಲೇ ತಾನೆ.

ಯಾವುದರಲ್ಲೂ ಓಡದಿದ್ದರೆ ಫ್ಯೂಸ್, ಬ್ಲೋವರ್ ರಿಲೇ, ಅರ್ತಿಂಗ್, ಕೊನೆಗೆ ಮೋಟಾರ್. ಹೀಗೆ ಪೂರ್ತಿ ಸತ್ತಿರುವಾಗ ಡ್ಯಾಶ್‌ಬೋರ್ಡ್ ಕೆಳಗೆ ಮೋಟಾರಿನ ಪೆಟ್ಟಿಗೆಗೆ ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿ ನೋಡಿ. ತಟ್ಟಿದಾಗ ಓಡಿದರೆ ಬ್ರಶ್ (ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ತುಂಡು) ಸವೆದಿರುವ ಸಾಧ್ಯತೆ ಜಾಸ್ತಿ, ಆದರೆ ಸಡಿಲ ಕನೆಕ್ಟರ್ ಕೂಡ ಹೀಗೇ ಮಾಡಬಹುದು, ಅದನ್ನೂ ನೋಡಿ.

ಗಾಳಿ ಜೋರಾಗಿ ಬರುತ್ತಿದೆ, ಬಿಸಿ ಇಲ್ಲ ಅಂದರೆ ಅದು ಈ ಲೇಖನದ ವಿಷಯವೇ ಅಲ್ಲ. ಬಿಸಿ ಬರುವುದು ಎಂಜಿನ್ ಕೂಲಂಟಿನಿಂದ. ಕೂಲಂಟ್ ಮಟ್ಟ, ಹೀಟರ್ ವಾಲ್ವಿನ ಕೇಬಲ್, ತೆರೆದೇ ನಿಂತ ಥರ್ಮೋಸ್ಟಾಟ್, ಪೈಪಿನಲ್ಲಿ ಸಿಕ್ಕ ಗಾಳಿ, ಇವನ್ನು ನೋಡಿ. ಫ್ಯಾನ್ ಬಿಚ್ಚಿ ಉಪಯೋಗವಿಲ್ಲ.

ಬಿಚ್ಚುವ ಮೊದಲು ಕಸ

ವೈಪರ್ ಕೆಳಗಿನ ಜಾಲರಿಯಿಂದ ಗಾಳಿ ಒಳಗೆ ಬರುತ್ತದೆ. ಮರದ ಕೆಳಗೆ ನಿಲ್ಲಿಸುವ ವ್ಯಾನ್ ಆದರೆ ಅಲ್ಲಿಂದ ಎಲೆ, ತೊಟ್ಟು, ಹೂವಿನ ಪುಡಿ ಎಲ್ಲ ಇಳಿದು ಬ್ಲೋವರ್ ಪೆಟ್ಟಿಗೆಯ ತಳದಲ್ಲಿ ಕೂರುತ್ತದೆ. ಇಲಿಯೂ ಅಷ್ಟೇ. ಸೀಟಿನ ಸ್ಪಂಜು ಕಿತ್ತು ತಂದು ಅಲ್ಲೇ ಗೂಡು ಕಟ್ಟುತ್ತದೆ. ಕ್ಯಾಬಿನ್ ಫಿಲ್ಟರ್ ಇದ್ದರೆ ಅದನ್ನೂ ಹೊರಗೆ ತೆಗೆದು ಬೆಳಕಿಗೆ ಹಿಡಿದು ನೋಡಿ.

ಇಲ್ಲೊಂದು ವಿಚಿತ್ರ ಇದೆ. ಗಾಳಿ ದಾರಿ ಕಟ್ಟಿಕೊಂಡರೆ ಮೋಟಾರಿಗೆ ಭಾರ ಜಾಸ್ತಿಯಾಗಿ ಕರೆಂಟ್ ಏರುತ್ತದೆ ಅಂತ ಹೆಚ್ಚಿನವರು ಅಂದುಕೊಳ್ಳುತ್ತಾರೆ. ಈ ಜಾತಿಯ ಡ್ರಮ್ ಫ್ಯಾನಿನಲ್ಲಿ ಆಗುವುದು ಉಲ್ಟಾ. ಫ್ಯಾನಿಗೆ ತಳ್ಳಲು ಗಾಳಿಯೇ ಇಲ್ಲದಿದ್ದರೆ ಮೋಟಾರ್ ಹಗುರವಾಗಿ, ಇನ್ನೂ ಜೋರಾಗಿ ತಿರುಗುತ್ತದೆ, ಕರೆಂಟ್ ಇಳಿಯುತ್ತದೆ. ವ್ಯಾಕ್ಯೂಮ್ ಕ್ಲೀನರ್ ಬಾಯಿ ಮುಚ್ಚಿದಾಗ ಸದ್ದು ಏರುವುದೂ ಇದೇ ಕಾರಣಕ್ಕೆ. ಆಂಪಿಯರ್ ಅಳೆದರೆ ಎಲ್ಲ ಚೆನ್ನಾಗಿರುವಂತೆ ಕಾಣುತ್ತದೆ. ಆದರೆ ರೆಸಿಸ್ಟರಿಗೆ ತಂಪು ಗಾಳಿ ಸಿಗುತ್ತಿಲ್ಲ, ಅದು ಅಲ್ಲೇ ಬೇಯುತ್ತಿದೆ. ಕಸ ಮೊದಲು, ಅಳತೆ ಆಮೇಲೆ ಅನ್ನುವುದು ಇದಕ್ಕೇ.

ಮಲ್ಟಿಮೀಟರ್ ಒಂದನ್ನೇ ನಂಬಬೇಡಿ

ಮೀಟರ್ ಎಳೆಯುವ ಕರೆಂಟ್ ಬಹಳ ಅಂದರೆ ಬಹಳ ಕಡಿಮೆ. ವೈರಿನ ಒಂದೇ ಒಂದು ಎಳೆ ಉಳಿದಿದ್ದರೂ, ಪಿನ್ ಮೇಲೆ ಹಸಿರು ಕಿಲುಬು ಹಿಡಿದಿದ್ದರೂ ಮೀಟರ್ 12.4 ಅಂತ ತೋರಿಸುತ್ತದೆ, ನಾವು "ಸಪ್ಲೈ ಸರಿ ಇದೆ" ಅಂದುಕೊಂಡು ಮೋಟಾರನ್ನು ಬೈಯುತ್ತೇವೆ. ಸಪ್ಲೈ ಪರೀಕ್ಷೆಗೆ ಹಳೇ ಹೆಡ್‌ಲೈಟ್ ಬಲ್ಬ್ ಇಟ್ಟುಕೊಳ್ಳಿ. ಒಂದು ಫಿಲಮೆಂಟ್ ಸುಟ್ಟ ಎಚ್4 ಆದರೂ ಸಾಕು. ಉಳಿದ 55 ವ್ಯಾಟಿನ ಫಿಲಮೆಂಟಿಗೆ ಎರಡು ವೈರ್ ಬೆಸೆದರೆ ಅದು ನಾಲ್ಕೂವರೆ ಆಂಪಿಯರ್ ಎಳೆಯುವ ಟೆಸ್ಟ್ ಲ್ಯಾಂಪ್.

ಮೋಟಾರಿನ ಕನೆಕ್ಟರ್ ಬಿಚ್ಚಿ, ಇಗ್ನಿಷನ್ ಹಾಕಿ, ನಾಬ್ 4ರಲ್ಲಿಟ್ಟು, ಬಲ್ಬನ್ನು ಕನೆಕ್ಟರಿನ ಎರಡು ಪಿನ್‌ಗಳ ಮಧ್ಯೆ ಹಿಡಿಯಿರಿ. ಪೂರ್ತಿ ಬೆಳಕು ಬಂದರೆ ಸಪ್ಲೈ ಸರಿ. ಮಂಕಾಗಿ ಉರಿದರೆ ಬಲ್ಬನ್ನು ಹಾಗೇ ಇಟ್ಟುಕೊಂಡು ಈಗ ಮೀಟರ್ ತೆಗೆಯಿರಿ. ಬ್ಯಾಟರಿ ನೆಗೆಟಿವ್‌ನಿಂದ ಕನೆಕ್ಟರಿನ ನೆಗೆಟಿವ್ ಪಿನ್‌ವರೆಗೆ ಎಷ್ಟು ವೋಲ್ಟ್ ಬೀಳುತ್ತಿದೆ ನೋಡಿ. ಅದೇ ಥರ ಬ್ಯಾಟರಿ ಪಾಸಿಟಿವ್‌ನಿಂದ ಇನ್ನೊಂದು ಪಿನ್‌ವರೆಗೆ. ಅರ್ತಿಂಗ್ ಕಡೆ 0.2 ವೋಲ್ಟಿಗಿಂತ ಜಾಸ್ತಿ ಬಿದ್ದರೆ ಅಲ್ಲಿ ಕೈ ಹಾಕಬೇಕು. ಪಾಸಿಟಿವ್ ಕಡೆ ಫ್ಯೂಸ್, ಇಗ್ನಿಷನ್ ಸ್ವಿಚ್, ರಿಲೇ ಎಲ್ಲ ದಾಟಿ ಬರುವುದರಿಂದ ಸ್ವಲ್ಪ ಜಾಸ್ತಿ ಇರುತ್ತದೆ. ಆದರೂ ಅರ್ಧ ವೋಲ್ಟ್ ದಾಟಿದರೆ ಯಾವ ತುಂಡಿನಲ್ಲಿ ಬೀಳುತ್ತಿದೆ ಅಂತ ಮೀಟರಿನ ಒಂದು ಕಡ್ಡಿಯನ್ನು ಹಂತ ಹಂತವಾಗಿ ಹಿಂದೆ ಸರಿಸುತ್ತಾ ಹುಡುಕಿ.

ಈಗ ರೆಸಿಸ್ಟರಿನ ಕನೆಕ್ಟರ್. ಇದನ್ನು ಕೈಯಲ್ಲಿ ಹಿಡಿದು ಹಗಲು ಬೆಳಕಲ್ಲಿ ನೋಡಿ. ಬಿಳಿ ಪ್ಲಾಸ್ಟಿಕ್ ಒಂದು ಪಿನ್ ಸುತ್ತ ಮಾತ್ರ ಕಾಫಿ ಬಣ್ಣಕ್ಕೆ ತಿರುಗಿದೆಯಾ? ಆ ಪಿನ್ನಿನ ಲೋಹ ಹೊಳಪು ಕಳೆದು ನೀಲಿ ಕಪ್ಪಾಗಿದೆಯಾ? ಅದರ ವೈರನ್ನು ಬಗ್ಗಿಸಿದರೆ ಮೊದಲ ಅರ್ಧ ಇಂಚು ಗಟ್ಟಿಯಾಗಿ, ಒಣಗಿದ ಕಡ್ಡಿಯ ಥರ ಇದೆಯಾ? ಹಾಗಿದ್ದರೆ ಕಳ್ಳ ಇಲ್ಲೇ ಇದ್ದಾನೆ. ಪಿನ್ನಿನ ಹಿಡಿತ ಸಡಿಲವಾಗಿ ಸಂಪರ್ಕದಲ್ಲಿ 0.1 ಓಮ್ ಸೇರಿಕೊಂಡರೂ 15 ಆಂಪಿಯರಿಗೆ ಒಂದೂವರೆ ವೋಲ್ಟ್ ನಷ್ಟ, ಇಪ್ಪತ್ತೆರಡೂವರೆ ವ್ಯಾಟ್ ಬಿಸಿ, ಅದೂ ಕಡಲೆಕಾಳು ಗಾತ್ರದ ಪಿನ್ನಿನಲ್ಲಿ. ಇದಕ್ಕೆ ಹೊಸ ರೆಸಿಸ್ಟರ್ ಸಿಕ್ಕಿಸಿದರೆ ಹೊಸ ಪಿನ್ನೂ ಬೇಯುತ್ತದೆ. ಕನೆಕ್ಟರನ್ನು ಬೇಯದ, ಮೆತ್ತಗಿನ ಒಳ್ಳೆಯ ವೈರ್ ಸಿಗುವಲ್ಲಿವರೆಗೂ ಕತ್ತರಿಸಿ ಬದಲಾಯಿಸಿ. ಬೆಂಗಳೂರಿನವರಿಗೆ ಜೆ.ಸಿ. ರಸ್ತೆಯಲ್ಲಿ ವೈರಿನ ಬಾಲ ಸಮೇತ ಬಿಡಿ ಕನೆಕ್ಟರ್ ಹುಡುಕುವುದು ಕಷ್ಟವಲ್ಲ. ಹಳೆಯದನ್ನು ಕೈಯಲ್ಲೇ ತೆಗೆದುಕೊಂಡು ಹೋಗಿ, ಫೋಟೋ ತೋರಿಸಿದರೆ ಬೇರೆಯದೇ ಕೊಡುತ್ತಾರೆ.

ಪ್ಯಾಕ್ ಹೊರಗೆ ಬಂದ ಮೇಲೆ

ಸಾಮಾನ್ಯವಾಗಿ ಎರಡು ಸ್ಕ್ರೂ. ಕೆಲವು ವ್ಯಾನ್‌ಗಳಲ್ಲಿ ಗ್ಲೋವ್ ಬಾಕ್ಸ್ ಇಳಿಸಬೇಕು. ಈಗಷ್ಟೇ ಓಡಿಸಿದ್ದರೆ ಮುಟ್ಟಬೇಡಿ, ಸುಡುತ್ತದೆ.

ಓಮ್ ಅಳೆಯುವಾಗ ಮೊದಲು ಮೀಟರಿನ ಎರಡು ಕಡ್ಡಿಗಳನ್ನು ಒಂದಕ್ಕೊಂದು ಮುಟ್ಟಿಸಿ. 0.3, 0.4 ಅಂತ ಏನೋ ಬರುತ್ತದೆ. ಅಷ್ಟನ್ನು ಮುಂದಿನ ಅಳತೆಗಳಿಂದ ಕಳೆಯಿರಿ. ಇಲ್ಲಿನ ಸುರುಳಿಗಳೇ ಅರ್ಧ ಓಮ್, ಒಂದು ಓಮ್ ಇರುವುದರಿಂದ ಈ ಸಣ್ಣ ಕಳೆಯುವಿಕೆ ಮುಖ್ಯ. ಎಲ್ಲ ಸೇರಿ ಕೆಲವೇ ಓಮ್ ಇರಬೇಕು. ಎಲ್ಲೂ ಸಂಪರ್ಕವೇ ಸಿಗದಿದ್ದರೆ ಥರ್ಮಲ್ ಫ್ಯೂಸ್ ಹೋಗಿದೆ. ಸುರುಳಿ ತುಂಡಾಗಿದ್ದರೆ ಕಣ್ಣಿಗೇ ಕಾಣುತ್ತದೆ.

ಥರ್ಮಲ್ ಫ್ಯೂಸ್ ಜಾಗಕ್ಕೆ ಒಂದು ತುಂಡು ವೈರ್ ಬೆಸೆದು ಕೊಡುವವರಿದ್ದಾರೆ. ದಯವಿಟ್ಟು ಬೇಡ. ಸುತ್ತ ಇರುವುದು ಪ್ಲಾಸ್ಟಿಕ್ ಪೆಟ್ಟಿಗೆ, ಕೆಳಗೆ ಒಣ ಎಲೆ. ಮೋಟಾರ್ ಜಾಮ್ ಆದ ದಿನ ಸುರುಳಿ ಕೆಂಡವಾಗುತ್ತದೆ, ತಡೆಯಲು ಏನೂ ಇರುವುದಿಲ್ಲ. ಅದೇ ತಾಪಮಾನದ, ಅದೇ ಆಂಪಿಯರಿನ ಫ್ಯೂಸ್ ಸಿಕ್ಕರೆ ಕ್ರಿಂಪ್ ಮಾಡಿ, ಅಂದರೆ ಬೆಸೆಯದೆ ಒತ್ತಿ ಬಿಗಿದು ಹಾಕಿ. ಬೆಸೆಯಲೇಬೇಕಾದರೆ ಫ್ಯೂಸಿನ ಕಾಲನ್ನು ಇಕ್ಕಳದಲ್ಲಿ ಹಿಡಿದುಕೊಳ್ಳಿ, ಇಲ್ಲದಿದ್ದರೆ ಬೆಸೆಯುವ ಬಿಸಿಗೇ ಅದು ಹಾರಿಹೋಗುತ್ತದೆ.

ಮೋಟಾರನ್ನು ವಿಚಾರಿಸಿಕೊಳ್ಳಿ

ನನ್ನ ಪ್ರಕಾರ ಇಡೀ ಕೆಲಸದಲ್ಲಿ ಇದೇ ಮುಖ್ಯ, ಎಲ್ಲರೂ ಬಿಡುವುದೂ ಇದನ್ನೇ. ಮೋಟಾರ್ ಹೊರಗೆ ತೆಗೆದು ಫ್ಯಾನನ್ನು ಬೆರಳಲ್ಲಿ ತಿರುಗಿಸಿ ಬಿಡಿ. ಸರಾಗವಾಗಿ ತಿರುಗಿ ನಿಧಾನಕ್ಕೆ ನಿಲ್ಲಬೇಕು. ಬಿಟ್ಟ ಕೂಡಲೇ ಗಕ್ಕನೆ ನಿಂತರೆ ಶಾಫ್ಟ್ ಹಿಡಿದಿರುವ ಬುಷ್ ಒಣಗಿದೆ. ಶಾಫ್ಟ್ ಪಕ್ಕಕ್ಕೆ ಅಲ್ಲಾಡಿದರೆ ಬುಷ್ ಸವೆದಿದೆ. ಒಣಗಿದ್ದಕ್ಕೆ ಹೊಲಿಗೆ ಯಂತ್ರದ ಎಣ್ಣೆ ಒಂದೆರಡು ಹನಿ ಸಾಕು, ತುಕ್ಕು ಬಿಡಿಸುವ ಸ್ಪ್ರೇ ಹೊಡೆಯಬೇಡಿ, ಅದು ಇದ್ದ ಎಣ್ಣೆಯನ್ನೂ ತೊಳೆದುಬಿಡುತ್ತದೆ. ಸವೆದದ್ದಕ್ಕೆ ಹೊಸ ಮೋಟಾರೇ ಗತಿ.

ಕರೆಂಟ್ ಅಳೆಯಲು ಡಿ.ಸಿ. ಅಳೆಯುವ ಕ್ಲ್ಯಾಂಪ್ ಮೀಟರ್ ಬೇಕು. ಅಗ್ಗದ ಕ್ಲ್ಯಾಂಪ್‌ಗಳು ಬಹಳಷ್ಟು ಮನೆ ಲೈನಿನ ಎ.ಸಿ. ಕರೆಂಟ್ ಮಾತ್ರ ಅಳೆಯುತ್ತವೆ, ಕೊಳ್ಳುವಾಗ ನೋಡಿಕೊಳ್ಳಿ. ಸಾದಾ ಮಲ್ಟಿಮೀಟರಿನ 10 ಆಂಪಿಯರ್ ತೂತಿಗೆ ಸಿಕ್ಕಿಸಿದರೆ 4ರಲ್ಲಿ ಮೀಟರಿನ ಫ್ಯೂಸೇ ಹೋಗುವ ಸಾಧ್ಯತೆ ಇದೆ. ಈ ಗಾತ್ರದ ಮೋಟಾರುಗಳು ಪೂರ್ತಿ ವೇಗದಲ್ಲಿ ಹತ್ತರಿಂದ ಇಪ್ಪತ್ತು ಆಂಪಿಯರ್ ಒಳಗೆ ಎಲ್ಲೋ ಇರುತ್ತವೆ. ಅಳೆಯುವಾಗ ಮೋಟಾರ್ ಅದರ ಪೆಟ್ಟಿಗೆಯಲ್ಲೇ ಇರಲಿ. ಮೇಜಿನ ಮೇಲಿಟ್ಟು ಓಡಿಸಿದರೆ ಸಿಗುವ ಲೆಕ್ಕ ಬೇರೆ. ಓಡುತ್ತಾ ಓಡುತ್ತಾ ಬಿಸಿಯಾದಂತೆ ಕರೆಂಟ್ ಏರುತ್ತಲೇ ಹೋದರೆ ಆ ಮೋಟಾರ್ ಬಿಗಿಯಾಗುತ್ತಿದೆ. ಅದಕ್ಕೆ ಎಷ್ಟು ರೆಸಿಸ್ಟರ್ ಹಾಕಿದರೂ ತಿನ್ನುತ್ತದೆ, ಎಲೆಕ್ಟ್ರಾನಿಕ್ ಮಾಡ್ಯೂಲ್ ಹಾಕಿದರೆ ಅದನ್ನೂ ತಿನ್ನುತ್ತದೆ. ಫ್ಯೂಸ್ ಪದೇ ಪದೇ ಹೋಗುತ್ತಿದೆ ಅಂತ 20ರ ಜಾಗಕ್ಕೆ 30 ಹಾಕುವುದು ವೈರಿಂಗ್ ಸುಡುವ ಸುಲಭ ಉಪಾಯ.

ಹಳೇ ರೆಸಿಸ್ಟರೋ, ಪಿಡಬ್ಲ್ಯುಎಂ ಕಂಟ್ರೋಲೋ

ಮೋಟಾರ್, ಕನೆಕ್ಟರ್, ಕಸ ಮೂರೂ ಸರಿ ಮಾಡಿದ ಮೇಲೆ ಅದೇ ರೆಸಿಸ್ಟರ್ ಸಿಗುವುದಾದರೆ ಅದನ್ನೇ ಹಾಕಿ, ಚಿಂತೆ ಇಲ್ಲ. ಬಿಡಿಭಾಗ ನಿಂತುಹೋದ ವ್ಯಾನ್ ಆದರೆ ಅಥವಾ 1ಕ್ಕೂ ಕಡಿಮೆ ವೇಗ ಬೇಕು, ಮೆಲ್ಲಗೆ ಏರಿಸಬೇಕು ಅನ್ನುವವರಿಗೆ ಪಿಡಬ್ಲ್ಯುಎಂ ಅನ್ನುವ ಎಲೆಕ್ಟ್ರಾನಿಕ್ ಕಂಟ್ರೋಲ್ ಚೆಂದ. ಇದರಲ್ಲಿ ಮೋಟಾರಿಗೆ ಹೋಗುವುದು ಪೂರ್ತಿ 12 ವೋಲ್ಟೇ. ಆದರೆ ಸೆಕೆಂಡಿಗೆ ಸಾವಿರಾರು ಸಲ ಹಾಕಿ ಆರಿಸುತ್ತದೆ. ಹಾಕಿದ ಹೊತ್ತು ಜಾಸ್ತಿಯಾದಷ್ಟೂ ವೇಗ ಜಾಸ್ತಿ. ಸುಮ್ನೆ ಸುಡುವ ಶಾಖ ಬಹಳ ಕಡಿಮೆ.

ಮೊದಲು ಒಂದು ವಿಷಯ ತಿಳಿದುಕೊಳ್ಳಬೇಕು: ನಿಮ್ಮ ವ್ಯಾನಿನಲ್ಲಿ ಸ್ವಿಚ್ ಇರುವುದು ಪಾಸಿಟಿವ್ ಕಡೆಯೋ ನೆಗೆಟಿವ್ ಕಡೆಯೋ? ಇಗ್ನಿಷನ್ ಆರಿಸಿ, ನಾಬ್ ಸೊನ್ನೆಯಲ್ಲಿಟ್ಟು, ಮೋಟಾರಿನ ಕನೆಕ್ಟರ್ ಬಿಚ್ಚಿ, ಅದರ ನೆಗೆಟಿವ್ ಪಿನ್‌ನಿಂದ ವ್ಯಾನಿನ ಲೋಹದ ಬಾಡಿಗೆ ಓಮ್ ಅಳೆಯಿರಿ. ಸೊನ್ನೆ ಬಂದರೆ ನೆಗೆಟಿವ್ ಸದಾ ವ್ಯಾನಿನ ಬಾಡಿಗೆ ಸೇರಿಯೇ ಇದೆ, ಸ್ವಿಚ್ ಪಾಸಿಟಿವ್ ಕಡೆ ಇದೆ. ಸಂಪರ್ಕವೇ ಇಲ್ಲದೆ ನಾಬ್ 4ಕ್ಕೆ ಹೋದಾಗ ಮಾತ್ರ ಸೊನ್ನೆ ಬಂದರೆ ಸ್ವಿಚ್ ನೆಗೆಟಿವ್ ಕಡೆ.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುವ ಸಾದಾ ಪಿಡಬ್ಲ್ಯುಎಂ ಮಾಡ್ಯೂಲ್‌ಗಳಲ್ಲಿ ಹೆಚ್ಚಿನವು ನೆಗೆಟಿವ್ ಕಡೆ ಕತ್ತರಿಸುವಂಥವು. ಸ್ವಿಚ್ ನೆಗೆಟಿವ್ ಕಡೆ ಇರುವ ವ್ಯಾನಿಗೆ ಇವು ಸಲೀಸಾಗಿ ಹೊಂದುತ್ತವೆ. ಪಾಸಿಟಿವ್ ಕಡೆ ಸ್ವಿಚ್ ಇದ್ದರೂ ದಾರಿ ಇದೆ. ಮೋಟಾರಿಗೆ ಎರಡು ವೈರ್ ಇದ್ದು, ಕವಚ ನೆಗೆಟಿವ್‌ಗೆ ಸೇರಿಲ್ಲ ಅಂತಾದರೆ ಬಾಡಿಗೆ ಹೋಗುವ ಕಪ್ಪು ವೈರನ್ನು ಬಿಡಿಸಿ ಮಾಡ್ಯೂಲಿಗೆ ಕೊಡಿ. ಮೋಟಾರಿನ ಕವಚವೇ ನೆಗೆಟಿವ್ ಆಗಿದ್ದರೆ ಇದು ಆಗದು. ಮಾಡ್ಯೂಲ್ ಹಾಕಿದರೂ ಮೋಟಾರ್ ಸದಾ ಪೂರ್ತಿ ವೇಗದಲ್ಲೇ ಓಡುತ್ತದೆ. ಅದಕ್ಕೆ ಪಾಸಿಟಿವ್ ಕಡೆ ಕತ್ತರಿಸುವ ಮಾಡ್ಯೂಲೇ ಬೇಕು.

ಡಬ್ಬಿಯ ಮೇಲೆ ಬರೆದ ಆಂಪಿಯರನ್ನು ನಂಬಿ ಕೊಳ್ಳಬೇಡಿ. ನಿಮ್ಮ ಮೋಟಾರ್ 14 ಎಳೆಯುತ್ತಿದ್ದರೆ ಕನಿಷ್ಠ ಅದರ ದುಪ್ಪಟ್ಟು ಬರೆದಿರುವುದನ್ನು ತೆಗೆದುಕೊಳ್ಳಿ, ಯಾಕೆಂದರೆ ಶುರುವಾಗುವ ಕ್ಷಣದಲ್ಲಿ ಮೋಟಾರ್ ಹಲವು ಪಟ್ಟು ಎಳೆಯುತ್ತದೆ. ಒಳಗೆ ಐಆರ್‌ಎಫ್ 3205 ಥರದ 55 ವೋಲ್ಟಿನ ಮಾಸ್ಫೆಟ್ (ಕರೆಂಟನ್ನು ಹಾಕಿ ಆರಿಸುವ ಎಲೆಕ್ಟ್ರಾನಿಕ್ ಸ್ವಿಚ್) ಇದ್ದರೆ ಒಳ್ಳೆಯದು. 30 ವೋಲ್ಟಿನದ್ದು ಬೇಡ, ಗಾಡಿಯ ಲೈನಿನಲ್ಲಿ ಆಲ್ಟರ್ನೇಟರಿನಿಂದ ಆಗಾಗ ಅದನ್ನೂ ಮೀರುವ ಏಟು ಬರುತ್ತದೆ. 3205ರ ಒಳಗಿನ ರೋಧ 8 ಮಿಲಿ ಓಮ್. 14 ಆಂಪಿಯರಿಗೆ ಒಂದೂವರೆ ವ್ಯಾಟ್ ಚಿಲ್ಲರೆ ಬಿಸಿ, ಅಷ್ಟೇ. ಇದಕ್ಕಿಂತ ಜಾಸ್ತಿ ಬಿಸಿಯಾಗುವುದು ಪಕ್ಕದ ಡಯೋಡ್. ಪ್ರತಿ ಸಲ ಆರಿಸಿದಾಗ ಮೋಟಾರಿನ ಸುರುಳಿಯಲ್ಲಿರುವ ಕರೆಂಟ್ ಈ ಡಯೋಡ್ ಮೂಲಕ ಸುತ್ತಬೇಕು. ಡಯೋಡ್ ಇಲ್ಲದಿದ್ದರೆ ಅಥವಾ ಕಡ್ಡಿಯಂತಿದ್ದರೆ ಮಾಸ್ಫೆಟ್ ಬದುಕುವುದಿಲ್ಲ. ದಪ್ಪ ಷಾಟ್ಕಿ ಡಯೋಡ್, 20 ಆಂಪಿಯರಿನದು, ಹೀಟ್‌ಸಿಂಕಿಗೆ ಬಿಗಿದಿರುವುದನ್ನು ನೋಡಿ ಕೊಳ್ಳಿ. ಹೀಟ್‌ಸಿಂಕನ್ನು ಹಳೇ ರೆಸಿಸ್ಟರಿನ ತೂತಿನಲ್ಲೇ ಗಾಳಿಗೆ ಚಾಚಿ ಕೂರಿಸಿದರೆ ಬಿಟ್ಟಿ ಕೂಲಿಂಗ್.

ಜೋಡಿಸುವಾಗ

ಬ್ಯಾಟರಿಯ ನೆಗೆಟಿವ್ ಬಿಚ್ಚಿಯೇ ಕೆಲಸ ಶುರು. ವೈರ್ 2.5 ಚದರ ಎಂ.ಎಂ.ಗಿಂತ ಸಣ್ಣದು ಬೇಡ. ಮೋಟಾರಿನಿಂದ ಮಾಡ್ಯೂಲಿಗೆ ಉದ್ದ ಆದಷ್ಟು ಕಡಿಮೆ ಇರಲಿ, ರೇಡಿಯೋದಲ್ಲಿ ಕರಕರ ಕಡಿಮೆಯಾಗುತ್ತದೆ. ಫ್ಯೂಸ್ ಕಂಪನಿಯದ್ದೇ ಇರಲಿ.

ನೆಗೆಟಿವ್ ಕಡೆ ಸ್ವಿಚ್ ಇರುವ ವ್ಯಾನಿನಲ್ಲಿ ನಾಬಿನ 4ನೇ ಸ್ಥಾನವನ್ನು ಕೀಳಬೇಡಿ. ಮಾಡ್ಯೂಲನ್ನು ಅದಕ್ಕೆ ಸಮಾಂತರವಾಗಿ ಕೊಡಿ. ಚಾರ್ಮಾಡಿ ತಿರುವಿನಲ್ಲಿ ಮಾಡ್ಯೂಲ್ ಕೈ ಕೊಟ್ಟರೂ ನಾಬ್ 4ಕ್ಕೆ ತಿರುಗಿಸಿದರೆ ಗಾಜಿಗೆ ಗಾಳಿ ಬಂದೇ ಬರುತ್ತದೆ. ಪಾಸಿಟಿವ್ ಕಡೆಯವರು ಮೋಟಾರಿನ ನೆಗೆಟಿವ್‌ನಿಂದ ಬಾಡಿಗೆ ಒಂದು ರಿಲೇ ಹಾಕಿಕೊಂಡರೆ ಅದೇ ಅನುಕೂಲ ಸಿಗುತ್ತದೆ.

ಎ.ಸಿ. ಇರುವ ವ್ಯಾನಿನಲ್ಲಿ ಇನ್ನೊಂದು ಎಚ್ಚರ. ಬ್ಲೋವರ್ ಓಡದೆ ಕಂಪ್ರೆಸರ್ ಓಡಬಾರದು ಅಂತ ಎ.ಸಿ. ಸಿಗ್ನಲ್ಲನ್ನು ಬ್ಲೋವರ್ ಸ್ವಿಚ್ ಮೂಲಕವೇ ಕೊಟ್ಟಿರುತ್ತಾರೆ. ನಾಬ್ ಕಿತ್ತು ಪೊಟೆನ್ಶಿಯೋಮೀಟರ್ (ಮಾಡ್ಯೂಲಿನ ವೇಗ ಹೆಚ್ಚು ಕಡಿಮೆ ಮಾಡುವ ತಿರುಗುಗುಂಡಿ) ಮಾತ್ರ ಇಟ್ಟರೆ ಎ.ಸಿ. ಹತ್ತುವುದೇ ಇಲ್ಲ. ಅದನ್ನು ಹತ್ತಿಸಲು ಸಿಗ್ನಲ್ ವೈರನ್ನು ನೇರ ಕೊಟ್ಟರೆ ಫ್ಯಾನ್ ನಿಂತಿದ್ದಾಗಲೂ ಕಂಪ್ರೆಸರ್ ಓಡಿ ಒಳಗೆ ಮಂಜುಗಡ್ಡೆ ಕಟ್ಟುತ್ತದೆ. ಹಳೇ ನಾಬ್ ಇರಲಿ, ಮಾಡ್ಯೂಲ್ ಹತ್ತುವುದೂ ಆರುವುದೂ ಆ ನಾಬಿನಿಂದಲೇ ಆಗಲಿ, ಪೊಟೆನ್ಶಿಯೋಮೀಟರ್ ವೇಗಕ್ಕೆ ಮಾತ್ರ.

ಪೊಟೆನ್ಶಿಯೋಮೀಟರನ್ನು ತೀರಾ ಕೆಳಕ್ಕೆ ಇಳಿಸಿದಾಗ ಮೋಟಾರ್ ತಿರುಗದೆ ಗುಂಯ್ ಅನ್ನುತ್ತಾ ನಿಲ್ಲಬಾರದು. ನಿಂತ ಮೋಟಾರಿಗೆ ಕರೆಂಟ್ ಹೋಗುತ್ತಲೇ ಇರುತ್ತದೆ, ಗಾಳಿ ಇಲ್ಲದೆ ಬಿಸಿಯಾಗುತ್ತದೆ. ತಣ್ಣಗಿದ್ದಾಗಲೂ ಖಂಡಿತ ಹೊರಡುವಷ್ಟಕ್ಕೆ ಕನಿಷ್ಠ ಮಿತಿ ಹೊಂದಿಸಿ. ಮಾಡ್ಯೂಲಿನಲ್ಲಿ ಆ ಸೌಲಭ್ಯ ಇಲ್ಲದಿದ್ದರೆ ಪೊಟೆನ್ಶಿಯೋಮೀಟರಿನ ಕಾಲಿಗೆ ಸರಣಿಯಲ್ಲಿ ಒಂದು ರೆಸಿಸ್ಟರ್ ಸೇರಿಸಿ, ಪ್ರಯತ್ನ ಮಾಡಿಯೇ ಬೆಲೆ ಗೊತ್ತು ಮಾಡಬೇಕು.

ನಿಧಾನ ವೇಗದಲ್ಲಿ ಸೊಳ್ಳೆ ಹಾಡಿದಂಥ ಸದ್ದು ಬಂದರೆ ಅದು ದೋಷವಲ್ಲ, ಮಾಡ್ಯೂಲಿನ ಆವರ್ತನ ನಮ್ಮ ಕಿವಿಗೆ ಕೇಳುವ ಮಟ್ಟದಲ್ಲಿದೆ ಅಷ್ಟೇ. 20 ಕಿಲೋಹರ್ಟ್ಸ್ ಹತ್ತಿರದ್ದು ಹಾಕಿದರೆ ಕೇಳುವುದಿಲ್ಲ, ಮಾಸ್ಫೆಟ್ ಸ್ವಲ್ಪ ಜಾಸ್ತಿ ಬಿಸಿಯಾಗುತ್ತದೆ.

ಎಲ್ಲ ಮುಚ್ಚುವ ಮೊದಲು ಎಂಜಿನ್ ಓಡಿಸಿ, ಬ್ಲೋವರನ್ನು ಮಧ್ಯದ ವೇಗದಲ್ಲಿ ಅರ್ಧ ಗಂಟೆ ಬಿಡಿ. ಆಮೇಲೆ ಮೋಟಾರ್ ಕನೆಕ್ಟರ್, ಮಾಡ್ಯೂಲ್ ಟರ್ಮಿನಲ್, ಫ್ಯೂಸ್, ಅರ್ತಿಂಗ್ ಬೋಲ್ಟ್ ಒಂದೊಂದನ್ನೇ ಬೆರಳಲ್ಲಿ ಮುಟ್ಟಿ. ಬೆಚ್ಚಗಿದ್ದರೆ ಪರವಾಗಿಲ್ಲ. ಬೆರಳು ಇಟ್ಟುಕೊಳ್ಳಲು ಆಗದಷ್ಟು ಬಿಸಿ ಇದ್ದರೆ ಆ ಜೋಡಣೆಯನ್ನು ಬಿಚ್ಚಿ ಮತ್ತೆ ಕ್ರಿಂಪ್ ಮಾಡಿ, ಆಮೇಲೆ ಗ್ಲೋವ್ ಬಾಕ್ಸ್ ಹಾಕಿ.